ನಾಲ್ಕು ಜನ, ಒಂದು ಮಂಗಳವಾರ

2007ರ ಬೇಸಿಗೆಯಲ್ಲಿ ಅಮೆರಿಕದ ಒಂದಷ್ಟು ಕಂಪ್ಯೂಟರ್ ಹವ್ಯಾಸಿಗಳು ಗುಂಪು ಕಟ್ಟಿಕೊಂಡು ಜರ್ಮನಿಗೆ ಹೋದರು. ಬರ್ಲಿನ್ ಹತ್ತಿರ ಕೇಯಾಸ್ ಕಂಪ್ಯೂಟರ್ ಕ್ಲಬ್ ಎಂಬ ಹ್ಯಾಕರ್‌ಗಳ ಸಂಘ ನಡೆಸಿದ ಬಯಲು ಶಿಬಿರ ಅದಕ್ಕೆ ನೆಪ. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಹ್ಯಾಕರ್‌ಸ್ಪೇಸ್: ಸದಸ್ಯರೇ ಚಂದಾ ಹಾಕಿ ಬಾಡಿಗೆ ಕಟ್ಟುವ, ಉಪಕರಣಗಳನ್ನು ಎಲ್ಲರೂ ಹಂಚಿಕೊಳ್ಳುವ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಪುಕ್ಕಟೆ ಹೇಳಿಕೊಡುವ ಜಾಗ. ಬರ್ಲಿನ್‌ನ ಸಿ-ಬೇಸ್ 1995ರಿಂದ ಹೀಗೆಯೇ ನಡೆದುಬಂದಿತ್ತು. ಊರಿಗೆ ಮರಳಿದವರು ಸುಮ್ಮನೆ ಕೂರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಾಯ್ಸ್‌ಬ್ರಿಡ್ಜ್, ನ್ಯೂಯಾರ್ಕಿನಲ್ಲಿ ಎನ್‌ವೈಸಿ ರೆಸಿಸ್ಟರ್ ಹುಟ್ಟಿಕೊಂಡವು.

ಅದೇ ವರ್ಷದ ಡಿಸೆಂಬರಿನಲ್ಲಿ ಯೆನ್ಸ್ ಓಲಿಗ್ ಮತ್ತು ಲಾರ್ಸ್ ವೈಲರ್ ಎಂಬಿಬ್ಬರು ಜರ್ಮನಿಯ ಅನುಭವವನ್ನೆಲ್ಲ ಸೂತ್ರಗಳಾಗಿ ಜೋಡಿಸಿ, ಬರ್ಲಿನ್‌ನಲ್ಲಿ ಅದೇ ಕ್ಲಬ್ ನಡೆಸಿದ ಸಮ್ಮೇಳನದ ಮುಂದಿಟ್ಟರು. ಹೊಸದಾಗಿ ಶುರುಮಾಡುವವರಿಗೆ ಇವತ್ತಿಗೂ ಅದು ಒಳ್ಳೆಯ ಕೈಪಿಡಿ. ನಾಲ್ವರು ಸೇರಿದ ಮೇಲೇ ಕೆಲಸಕ್ಕೆ ಕೈಹಾಕಿ, ಬಾಗಿಲು ತೆರೆಯುವ ಹೊತ್ತಿಗೆ ಹತ್ತು ಜನವಾದರೂ ಇರಲಿ ಎನ್ನುತ್ತದೆ ಅದು. ವಾರದ ಸಭೆ ಯಾವತ್ತು? ಯಾವ ದಿನ ಇಟ್ಟರೂ ಯಾರಿಗೋ ಒಬ್ಬರಿಗೆ ಆಗಿಬರುವುದಿಲ್ಲ, ಮಾತು ಮುಗಿಯುವುದಿಲ್ಲ. ಮಂಗಳವಾರ ಎಂದು ಗೊತ್ತುಮಾಡಿ ಚರ್ಚೆ ನಿಲ್ಲಿಸಿ ಎಂಬುದು ಅವರ ತೀರ್ಪು. ನಾಯ್ಸ್‌ಬ್ರಿಡ್ಜ್ ಕೂಡ ಮಂಗಳವಾರವನ್ನೇ ಆರಿಸಿಕೊಂಡಿತು. ಮಂಗಳವಾರ ಹೊಸ ಕೆಲಸ ಹಿಡಿಯದ ಮನೆಗಳು ನಮ್ಮಲ್ಲಿ ಬಹಳ. ಅಂಥವರು ಬುಧವಾರ ಇಟ್ಟುಕೊಳ್ಳಲಿ, ಆಮೇಲೆ ಬದಲಿಸದಿದ್ದರೆ ಸಾಕು.

ದುಡ್ಡಿನ ವಿಷಯದಲ್ಲಿ ಮಾತ್ರ ಸೂತ್ರ ಸಡಿಲವಿಲ್ಲ. ಪ್ರತಿ ತಿಂಗಳೂ ಎಲ್ಲರಿಂದ ಚಂದಾ ವಸೂಲಾಗಬೇಕು, ಮೂರು ತಿಂಗಳ ಬಾಡಿಗೆ ಸದಾ ಕೈಯಲ್ಲಿರಬೇಕು. ನಾಯ್ಸ್‌ಬ್ರಿಡ್ಜ್ ತಿಂಗಳಿಗೆ 80 ಡಾಲರ್ ಗೊತ್ತುಮಾಡಿತು, ಕೈ ಬಿಗಿಯಿದ್ದವರಿಗೆ 40.

ಇನ್ನೊಂದು ಎಚ್ಚರಿಕೆ, ಜಾಗದಲ್ಲಿ ಯಾರನ್ನೂ ವಾಸಕ್ಕೆ ಬಿಡಬೇಡಿ ಎಂಬುದು. ಎಲ್ಲರಿಗೂ ಬಾಗಿಲು ತೆರೆದಿಟ್ಟ ನಾಯ್ಸ್‌ಬ್ರಿಡ್ಜ್‌ಗೆ ಇದು ದೊಡ್ಡ ತಲೆನೋವಾಯಿತು. ರಾತ್ರಿ ಅಲ್ಲೇ ಮಲಗುವವರು ಹೆಚ್ಚಿದಂತೆ ಕೆಲಸಕ್ಕೆ ಬರುವವರು ದೂರ ಸರಿದರು. 2014ರಲ್ಲಿ ಕೆಲಕಾಲ ಬಾಗಿಲು ಹಾಕಿ, ಜಾಗವನ್ನೂ ನಿಯಮಗಳನ್ನೂ ದುರಸ್ತಿ ಮಾಡಿಕೊಂಡು ಮತ್ತೆ ತೆರೆಯಬೇಕಾಯಿತು. ಒಬ್ಬರಿಗೊಬ್ಬರು ಚೆನ್ನಾಗಿ ನಡೆದುಕೊಳ್ಳಿ ಎಂಬ ಒಂದೇ ನಿಯಮದ ಮೇಲೆ ನಿಂತ ಸಂಸ್ಥೆಗೆ ಅದು ಕಷ್ಟದ ನಿರ್ಧಾರ, ಆದರೆ ಸರಿಯಾದದ್ದು.

ಇಂಥ ಜಾಗದ ಜೀವ ಇರುವುದು ಬೆಸುಗೆ ಮೇಜಿನ ಸುತ್ತ. ನಾಯ್ಸ್‌ಬ್ರಿಡ್ಜ್ ಕಟ್ಟಿದವರಲ್ಲಿ ಒಬ್ಬರಾದ ಮಿಚ್ ಆಲ್ಟ್‌ಮನ್, ಸಾರ್ವಜನಿಕ ಸ್ಥಳದ ಟಿವಿಗಳನ್ನು ಆರಿಸುವ ಪುಟ್ಟ ರಿಮೋಟ್ ಕಂಡುಹಿಡಿದವರು. ಸೋಮವಾರ ಸಂಜೆ ಯಾರೇ ಬಂದರೂ ಸೋಲ್ಡರಿಂಗ್ ಕಲಿಸುತ್ತಿದ್ದರು. ಐರನ್ನಿನ ತುದಿ ಬಿಡಿಭಾಗದ ತಂತಿಗೂ ಬೋರ್ಡಿನ ತಾಮ್ರಕ್ಕೂ ಒಟ್ಟಿಗೇ ತಾಗಬೇಕು. ಎರಡೂ ಕಾದ ಮೇಲೆ ಸೋಲ್ಡರ್ ತಂತಿಯನ್ನು ಐರನ್ನಿಗಲ್ಲ, ಬೆಸೆಯುವ ಜಾಗಕ್ಕೆ ಮುಟ್ಟಿಸಬೇಕು. ಅದು ಕರಗಿ ತಾನಾಗಿ ಹರಿಯುತ್ತದೆ. ಮೊದಲು ಸೋಲ್ಡರ್ ತೆಗೆದು ಒಂದು ಕ್ಷಣ ಬಿಟ್ಟು ಐರನ್ ಎತ್ತಿದರೆ ಹೊಳೆಯುವ ಸಣ್ಣ ಗೋಪುರ ನಿಲ್ಲುತ್ತದೆ. ಅವಸರ ಮಾಡಿದರೆ ಮಂಕಾದ ಉಂಡೆ ಕೂರುತ್ತದೆ, ಬೋರ್ಡಿನ ದೀಪ ಹತ್ತುವುದಿಲ್ಲ. ಪಕ್ಕದಲ್ಲಿ ಕೂತವರು ತೋರಿಸಿಕೊಟ್ಟರೆ ಹತ್ತು ನಿಮಿಷದ ವಿದ್ಯೆ ಇದು.

ಎನ್‌ವೈಸಿ ರೆಸಿಸ್ಟರ್‌ನ ಗೆಳೆಯರು 2009ರಲ್ಲಿ ಮೇಕರ್‌ಬಾಟ್ ಎಂಬ ತ್ರೀಡಿ ಪ್ರಿಂಟರ್ ಕಂಪನಿ ಕಟ್ಟಿದರು. 2013ರಲ್ಲಿ ಅದು 40 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಇದನ್ನು ತೋರಿಸಿ ಬಂಡವಾಳ ಹುಡುಕುವವರಿದ್ದಾರೆ. ಆದರೆ ಲಾಭದ ಲೆಕ್ಕ ಹಾಕಿ ಕೂತಿದ್ದರೆ ಆ ಗೆಳೆಯರು ಒಂದೆಡೆ ಸೇರುತ್ತಲೇ ಇರಲಿಲ್ಲ.

ಬೆಂಗಳೂರಿನಲ್ಲೂ ಹಲಸೂರು ಮೆಟ್ರೊ ನಿಲ್ದಾಣದ ಕೆಳಗೆ ವರ್ಕ್‌ಬೆಂಚ್ ಪ್ರಾಜೆಕ್ಟ್ಸ್ ಎಂಬ ಇಂಥದೇ ಕಾರ್ಯಾಗಾರ ನೆಲೆ ಕಂಡುಕೊಂಡಿತು, ಬಿಡಿಭಾಗಗಳಿಗೆ ಎಸ್.ಪಿ. ರಸ್ತೆ ಇದೆ. ಕೊರತೆ ಇರುವುದು ಜಾಗದ್ದು. ಮಾಲೀಕರು ಕೇಳುವ ಅಡ್ವಾನ್ಸಿನ ಮುಂದೆ ಬರ್ಲಿನ್‌ನ ಮೂರು ತಿಂಗಳ ಲೆಕ್ಕ ಏನೂ ಅಲ್ಲ. ಮೈಸೂರು, ಹುಬ್ಬಳ್ಳಿ, ಕಲಬುರಗಿಯಂಥ ಊರುಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಪಾಲಿಟೆಕ್ನಿಕ್‌ಗಳಿವೆ. ಅವುಗಳ ಪ್ರಯೋಗಾಲಯಗಳಿಗೆ ಸಂಜೆಯಾದರೆ ಬೀಗ. ಪ್ರಾಂಶುಪಾಲರು ವಾರಕ್ಕೆ ಒಂದು ಸಂಜೆ, ಒಬ್ಬ ಸಹಾಯಕರನ್ನು ಕೂರಿಸಿ, ಊರಿನ ಆಸಕ್ತರಿಗೆ ಆ ಬೀಗ ತೆಗೆಸಲಿ. ಕೇಳುವುದಕ್ಕೆ ನಾಲ್ಕು ಜನ ಒಟ್ಟಾಗಿ ಹೋಗಿ.