ಸಣ್ಣ ಆಪರೇಷನ್, ಯಾರ ಲೆಕ್ಕದಲ್ಲಿ?

"ಏನ್ ಮಹಾ ಆಪರೇಷನ್ ಐತ್ರೀ, ಎರಡು ದಿನದಾಗ ಎದ್ದು ಅಡ್ಡಾಡ್ತಾಳ." ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡದ ಊರುಗಳಲ್ಲಿ, ಉಮದಿ ಇರಲಿ ಸಂಖ ಇರಲಿ, ಹೆಣ್ಣುಮಕ್ಕಳ ಆಸ್ಪತ್ರೆಯ ಮಾತು ಬಂದಾಗ ಕೇಳುವುದು ಇದನ್ನೇ. ಮಕ್ಕಳಾಗದಂತೆ ಮಾಡುವ ದುರ್ಬೀನ್ ಆಪರೇಷನ್ ಆಗಲಿ, ಗರ್ಭದ ಚೀಲ ತೊಳೆಸುವುದಾಗಲಿ, ತಾಂಬಿ (ಕಾಪರ್-ಟಿ) ಕೂಡಿಸುವುದಾಗಲಿ, ಎಲ್ಲಕ್ಕೂ ಒಂದೇ ತೀರ್ಪು. ಅತ್ತೆ ಹೇಳುತ್ತಾಳೆ, ಗಂಡ ಹೇಳುತ್ತಾನೆ, ಆಸ್ಪತ್ರೆಯಲ್ಲೂ ಹೇಳುತ್ತಾರೆ. ಕೊನೆಗೆ ಹೊಟ್ಟೆ ಹಿಡಿದುಕೊಂಡು ಕೂತವಳೂ ಅದನ್ನೇ ಹೇಳುತ್ತಾಳೆ. ಬಹುಮಂದಿ ಧೈರ್ಯ ತುಂಬಲೆಂದೇ ಹೀಗೆ ಅನ್ನುತ್ತಾರೆ, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಈ ಮಾತು ತಪ್ಪು, ಇದರಿಂದ ನಮ್ಮ ಹೆಣ್ಣುಮಕ್ಕಳಿಗೆ ಹಾನಿಯಾಗುತ್ತಿದೆ ಎಂದು ನಾನು ವಾದಿಸುತ್ತೇನೆ.

ದುರ್ಬೀನಿಗೆ ಆಪರೇಷನ್ ಕೋಣೆಯಲ್ಲಿ ಹಿಡಿಯುವುದು ಹತ್ತು-ಹದಿನೈದು ನಿಮಿಷ. ಹೊಕ್ಕುಳ ಕೆಳಗೆ ಬೆರಳಗಲದ ಕೊಯ್ತ, ಒಂದೆರಡು ಹೊಲಿಗೆ. ವೈದ್ಯರ ಗಡಿಯಾರದಲ್ಲಿ ಇದು ಸಣ್ಣದು ಎಂಬುದರಲ್ಲಿ ತಕರಾರಿಲ್ಲ. ಆದರೆ ಆ ಗಡಿಯಾರ ಅವಳು ಕೋಣೆಯಿಂದ ಹೊರಬಂದ ಕೂಡಲೇ ನಿಲ್ಲುತ್ತದೆ. ಅವಳದು ಶುರುವಾಗುವುದೇ ಅಲ್ಲಿಂದ. ಕೇಂದ್ರ ಆರೋಗ್ಯ ಇಲಾಖೆಯ 2014ರ ಕೈಪಿಡಿಯನ್ನೇ ತೆಗೆದು ನೋಡಿ. ಸಂತಾನಹರಣ ಚಿಕಿತ್ಸೆಯಾದ ಹೆಣ್ಣುಮಗಳನ್ನು ಕನಿಷ್ಠ 4 ತಾಸು ನೋಡಿಕೊಳ್ಳಬೇಕು. ಪೂರ್ತಿ ಎಚ್ಚರವಾಗಿ, ಮೂತ್ರ ಮಾಡಿ, ನಡೆಯಲು ಬಂದಮೇಲೆಯೇ ಮನೆಗೆ ಕಳಿಸಬೇಕು. 48 ತಾಸಿನೊಳಗೆ ಆರೋಗ್ಯ ಸಿಬ್ಬಂದಿ ವಿಚಾರಿಸಬೇಕು. ಏಳನೆಯ ದಿನ ಮತ್ತೆ ನೋಡಬೇಕು, ತಿಂಗಳಾದ ಮೇಲೆ ಇನ್ನೊಮ್ಮೆ. ಹಗುರ ಕೆಲಸಕ್ಕೆ 48 ತಾಸು ಕಾಯಬೇಕು, ಪೂರ್ತಿ ಕೆಲಸಕ್ಕೆ ನಿಧಾನವಾಗಿ ಎರಡು ವಾರದಲ್ಲಿ ಮರಳಬೇಕು. ಎರಡು ವಾರ ಎಂದು ಸರ್ಕಾರ ಬರೆದಿದೆ, ಎರಡು ದಿನ ಎಂದು ಊರು ಹೇಳುತ್ತದೆ. ನಡುವಿನ ಹನ್ನೆರಡು ದಿನ ಯಾರ ಲೆಕ್ಕದಲ್ಲೂ ಇಲ್ಲ.

ಆ ದಿನಗಳಲ್ಲಿ ಮೈಯೊಳಗೆ ಏನು ನಡೆಯುತ್ತದೆ ಎಂದು ಯಾರೂ ಅವಳಿಗೆ ಬಿಡಿಸಿ ಹೇಳುವುದಿಲ್ಲ. ಹೇಳುವುದು ಕಷ್ಟವೇನಲ್ಲ. ದುರ್ಬೀನಿನಲ್ಲಿ ಒಳಗೆ ಕಾಣಲೆಂದು ಹೊಟ್ಟೆಗೆ ಅನಿಲ ತುಂಬುತ್ತಾರೆ. ಅದರಲ್ಲಿ ಸ್ವಲ್ಪ ಒಳಗೇ ಉಳಿದು, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು, ಅಂದರೆ ವಪೆಯನ್ನು, ಕೆಣಕುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಭುಜದ ಚರ್ಮಕ್ಕೆ ಹೋಗುವ ನರಗಳೂ ಅಲ್ಲಿಂದಲೇ ಬರುತ್ತವೆ. ಹೀಗಾಗಿ ಕೊಯ್ತ ಹೊಟ್ಟೆಗಾದರೂ ನೋವು ಹೆಗಲಿಗೆ ಬರುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಇನ್ನೂ ಬೇಗ. ಗೊತ್ತಿಲ್ಲದವಳು ಮಾತ್ರ ಎದೆನೋವೆಂದು ಬೆದರುತ್ತಾಳೆ, ಅಥವಾ ಗಾಳಿ ಹೊಕ್ಕಿತೆಂದು ದೃಷ್ಟಿ ತೆಗೆಸಿಕೊಳ್ಳುತ್ತಾಳೆ. ಇನ್ನು ಗರ್ಭನಾಳಕ್ಕೆ ಹಾಕುವ ಸಿಲಿಕೋನ್ ರಿಂಗು ನಾಳದ ಒಂದು ಮಡಿಕೆಯನ್ನು ಬಿಗಿದು, ಅದಕ್ಕೆ ಹೋಗುವ ರಕ್ತ ನಿಲ್ಲಿಸುತ್ತದೆ. ರಕ್ತ ನಿಂತ ಭಾಗ ನೋಯುತ್ತದೆ, ಕಿಬ್ಬೊಟ್ಟೆ ಒಂದೆರಡು ದಿನ ಹಿಂಡುತ್ತದೆ. ಇದು ಅವಳ ನಾಜೂಕೂ ಅಲ್ಲ, ನೆಪವೂ ಅಲ್ಲ.

ಚೀಲ ತೊಳೆಸಿಕೊಂಡವಳ ಪಾಡು ಬೇರೆ. ಹೊಲಿಗೆಯೇ ಇಲ್ಲವಾದ್ದರಿಂದ ಆಕೆಗೆ ಏನೂ ಆಗಿಲ್ಲವೆಂದು ಮನೆಯವರು ತಿಳಿಯುತ್ತಾರೆ. ಆದರೆ ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿದ್ದಾರೆ, ಒಳಗಿನ ಪದರ ಕೆರೆದಿದ್ದಾರೆ. ಕೋಶ ಕುಗ್ಗಿ ಸರಿಹೋಗುವಾಗ ಮುಟ್ಟಿನ ನೋವಿನಂತೆಯೇ ಹಿಂಡುತ್ತದೆ, ರಕ್ತದ ಕಲೆ ಎರಡು ವಾರದವರೆಗೂ ಕಾಣಬಹುದು. ಗರ್ಭಪಾತದ ಸಂದರ್ಭದಲ್ಲಿ ಹೀಗೆ ಕೆರೆಯುವ ವಿಧಾನವನ್ನು ಬಿಟ್ಟು, ಹೀರಿ ತೆಗೆಯುವ ವಿಧಾನ ಬಳಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಷ್ಟೋ ವರ್ಷದಿಂದ ಹೇಳುತ್ತ ಬಂದಿದೆ. ಯಾವ ವಿಧಾನದಿಂದ ಮಾಡುತ್ತೀರಿ ಎಂದು ಕೇಳುವ ಹಕ್ಕು ಆ ಹೆಣ್ಣುಮಗಳಿಗಿದೆ. ಕೇಳಬಹುದು ಎಂದು ತಿಳಿಸುವವರಿಲ್ಲ.

ಇದಕ್ಕೆ ಎದುರಾಗಿ ಬರುವ ದೊಡ್ಡ ವಾದವೊಂದಿದೆ: ನಮ್ಮ ಹೆಣ್ಣುಮಕ್ಕಳು ಗಟ್ಟಿ, ಹಡೆದವರಿಗೆ ಇದ್ಯಾವ ನೋವು. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹಗಲೂ ರಾತ್ರಿ ನಡೆದು ಬರುವ ಹೆಂಗಸರನ್ನು ಸಾಕ್ಷಿಯಾಗಿ ತೋರಿಸುವವರೂ ಉಂಟು. ಗಟ್ಟಿತನ ನಿಜ, ನಾನೂ ಅದಕ್ಕೆ ತಲೆಬಾಗುತ್ತೇನೆ. ಆದರೆ ಹರಕೆ ಹೊತ್ತು ನಡೆಯುವವಳು ಆ ದಣಿವನ್ನು ತಾನೇ ಆರಿಸಿಕೊಂಡಿರುತ್ತಾಳೆ. ದಾರಿಯುದ್ದಕ್ಕೂ ದಾಸೋಹ ಇರುತ್ತದೆ, ಕಾಲಿಗೆ ಎಣ್ಣೆ ಹಚ್ಚುವವರಿರುತ್ತಾರೆ, ಸಂಗಡ ನೂರು ಜನ ಇರುತ್ತಾರೆ. ಆಪರೇಷನ್ ಆಗಿ ಬಂದವಳು ಮೂಲೆಯಲ್ಲಿ ಒಬ್ಬಳೇ ತಡೆದುಕೊಳ್ಳುವ ನೋವನ್ನು ಅದರ ಜೊತೆ ಹೋಲಿಸುವುದು ಅನ್ಯಾಯ. ಜಗತ್ತು ಈ ವಿಷಯದಲ್ಲಿ ತಡವಾಗಿಯಾದರೂ ತಿದ್ದಿಕೊಳ್ಳುತ್ತಿದೆ. ತಾಂಬಿ ಕೂಡಿಸುವ ಮುಂಚೆ ನೋವಿನ ಬಗ್ಗೆ ಹೆಣ್ಣಿನ ಜೊತೆ ಮಾತಾಡಬೇಕು, ಮರಗಟ್ಟಿಸುವ ಲಿಡೊಕೇನ್ ಔಷಧ ಉಪಯೋಗಕ್ಕೆ ಬರಬಹುದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಆ ದೇಶದ ವೈದ್ಯರಿಗೆ ತಿಳಿಸಿತು. ಅಲ್ಲಿಯ ಹೆಂಗಸರು ನೋವನ್ನು ಬಾಯಿಬಿಟ್ಟು ಹೇಳಿದ್ದರಿಂದ ಇದಾಯಿತು.

ತಡೆದುಕೊಳ್ಳುವುದನ್ನು ಹೊಗಳುವುದರಲ್ಲಿ ಇನ್ನೊಂದು ಅಪಾಯವಿದೆ, ಅದು ಜೀವದ ಮಾತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ ಒಂದೇ ಶಿಬಿರದಲ್ಲಿ 83 ಹೆಣ್ಣುಮಕ್ಕಳಿಗೆ ದುರ್ಬೀನ್ ಆಪರೇಷನ್ ಮಾಡಿದರು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ, ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಹೇಳಿತು. ಆದರೂ 2022ರ ಆಗಸ್ಟಿನಲ್ಲಿ ತೆಲಂಗಾಣದ ಇಬ್ರಾಹಿಂಪಟ್ಟಣದಲ್ಲಿ ಒಂದೇ ದಿನ 34 ಜನರಿಗೆ ಆಪರೇಷನ್ ಆಗಿ ನಾಲ್ವರು ತೀರಿಕೊಂಡರು. ಇಂಥ ಸಾವು ಅಪರೂಪ, ಆಪರೇಷನ್ ಒಟ್ಟಾರೆ ಸುರಕ್ಷಿತ. ಹೆದರಿಸಲೆಂದು ಇದನ್ನು ಬರೆಯುತ್ತಿಲ್ಲ. ಎರಡೂ ಕಡೆ ಹೆಂಗಸರು ಮನೆಗೆ ಹೋದ ಮೇಲೆ ಹೊಟ್ಟೆನೋವು, ವಾಂತಿ ಶುರುವಾಯಿತೆಂಬುದನ್ನು ಗಮನಿಸಬೇಕು. ಮೈ ಎಚ್ಚರಿಕೆ ಕೊಡುವುದು ಮನೆಯಲ್ಲಿ. "ಇಷ್ಟು ತಡಕೊಳ್ಳಾಕ ಆಗೂದಿಲ್ಲೇನು" ಎಂದು ಗದರುವ ಮನೆಯಲ್ಲಿ ಆ ಎಚ್ಚರಿಕೆಯನ್ನು ಕೇಳಿಸಿಕೊಳ್ಳುವವರು ಯಾರು? 100.4 ಡಿಗ್ರಿ ದಾಟಿದ ಜ್ವರ, ಔಷಧಕ್ಕೂ ಬಗ್ಗದೆ ಏರುತ್ತಲೇ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬರಿಸಿ ವಾಂತಿ, ತಾಸಿಗೊಂದರಂತೆ ಎರಡು ತಾಸು ಪ್ಯಾಡು ತೊಯ್ಯುವ ರಕ್ತ, ದುರ್ನಾತದ ಸ್ರಾವ, ಹೊಲಿಗೆಯಲ್ಲಿ ಕೀವು: ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬೆಳಗಾಗುವವರೆಗೂ ಕಾಯಬಾರದು.

ಹಾಗೆ ನೋಡಿದರೆ ನಮ್ಮ ಭಾಗಕ್ಕೆ ಆಸ್ಪತ್ರೆಗಳ ಬರವಿಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ಕಟ್ಟಿದಂದಿನಿಂದ ಆ ಊರು ವೈದ್ಯಕ್ಕೆ ಹೆಸರಾಗಿದೆ. ಉಮದಿಯವರಿಗೆ ವಿಜಯಪುರವೂ ಹತ್ತಿರ. ಆದರೆ ಚೇತರಿಕೆ ನಡೆಯುವುದು ಮಿರಜಿನಲ್ಲಲ್ಲ, ಹಳ್ಳಿಯ ಮನೆಯಲ್ಲಿ. ಆ ಮನೆಯಲ್ಲಿ ನೀರಿಲ್ಲ. ಜತ್ತದ ಬರ ಹೊಸದಲ್ಲ. 2012ರಲ್ಲಿ 40 ಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗುತ್ತೇವೆ ಎಂದು ಠರಾವು ಮಾಡಿದ್ದು ಈ ಬರದಿಂದಲೇ. ಬೇಸಿಗೆಯಲ್ಲಿ ಟ್ಯಾಂಕರ್ ಬಂದು ಹಾರ್ನ್ ಹೊಡೆದಾಗ ಹೊಲಿಗೆ ಹಸಿಯಾಗಿದ್ದರೂ ಓಡಬೇಕಾದವಳು ಅವಳೇ. ತುಂಬಿದ ಕೊಡ ಹದಿನೈದು ಕಿಲೋ ಹತ್ತಿರ ತೂಗುತ್ತದೆ. ಭಾರ ಎತ್ತಬೇಡ ಎಂದು ಹೇಳಿ ಕಳಿಸುವ ವೈದ್ಯರಿಗೆ ಆ ಕೊಡದ ನೆನಪು ಬರುವುದಿಲ್ಲ. ರಕ್ತದ ಬಟ್ಟೆ ತೊಳೆಯಬೇಕು, ದಿನಾ ಮೈ ತೊಳೆಯಬೇಕು, ಮೇಲಾಗಿ ಕುಡಿಯಲು ಹೆಚ್ಚು ನೀರು ಬೇಕು. ಇವೆಲ್ಲವೂ ಆ ಕೊಡದಿಂದಲೇ ಬರಬೇಕು.

ಜೊತೆಗೆ ಕಬ್ಬಿನ ಸುಗ್ಗಿ. ಚಳಿಗಾಲದಲ್ಲಿ ಗಾಯ ಬೇಗ ಮಾಯುತ್ತದೆಂದು ನಂಬಿ ಹೆಂಗಸರು ಆಪರೇಷನ್ನಿಗೆ ಆ ತಿಂಗಳುಗಳನ್ನೇ ಆರಿಸುತ್ತಾರೆ. ಜತ್ತದ ಬಡವರು ಕಬ್ಬು ಕಡಿಯಲು ಗುಳೆ ಹೋಗುವುದೂ ಅದೇ ತಿಂಗಳುಗಳಲ್ಲಿ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ, ಅಂದರೆ ಒಂದು ಜೋಡಿ ಎಂಬ ಲೆಕ್ಕ; ಇಬ್ಬರ ಹೆಸರಿನ ಉಚಲ, ಅಂದರೆ ಮುಂಗಡ, ಮೊದಲೇ ಗುತ್ತಿಗೆಯ ಮುಕಾದಮನಿಂದ ತಂದು ಖರ್ಚಾಗಿರುತ್ತದೆ. ಅವಳು ಮಲಗಿದರೆ ಕೋಯ್ತಾ ಮುರಿದಂತೆ, ಸಾಲ ಬೆಳೆದಂತೆ. ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರಿ ಸಮಿತಿ ಕಬ್ಬು ಕಡಿಯುವ 82 ಸಾವಿರ ಮಹಿಳೆಯರನ್ನು ವಿಚಾರಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರು. ಸಣ್ಣ ತೊಂದರೆಗೆ ವಿಶ್ರಾಂತಿ ಕೊಡದ ಬದುಕು ಎಲ್ಲಿಗೆ ಮುಟ್ಟಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ. ಸರ್ಕಾರವಾದರೂ ಆ ವಿಶ್ರಾಂತಿಯ ಬೆಲೆ ಕಟ್ಟಿದೆಯೇ? ಕೇಂದ್ರದ 2007ರ ಪರಿಷ್ಕೃತ ಯೋಜನೆಯಲ್ಲಿ ಕೂಲಿ ನಷ್ಟಕ್ಕೆಂದು ಬಡ ಹೆಣ್ಣಿಗೆ ನಿಗದಿ ಮಾಡಿದ್ದು 600 ರೂಪಾಯಿ. ಹೊಟ್ಟೆ ಕೊಯ್ಯದೆ ಮುಗಿಯುವ ಗಂಡಸಿನ ಆಪರೇಷನ್ನಿಗೆ 1,100. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 37.9 ದಂಪತಿಗಳಲ್ಲಿ ಹೆಣ್ಣಿಗೆ ಆಪರೇಷನ್ ಆಗಿದೆ, ಶೇ. 0.3 ದಂಪತಿಗಳಲ್ಲಿ ಗಂಡಿಗೆ. ಹೆಚ್ಚು ಸುಲಭದ ಆಪರೇಷನ್ನಿನಿಂದ ಗಂಡಸರು ದೂರ ಉಳಿದಿದ್ದಾರೆ, ಹೆಂಗಸಿನದನ್ನು ನಾವು ಸಣ್ಣದು ಎನ್ನುತ್ತಿದ್ದೇವೆ.

ಹಾಗೆಂದು ಮನೆಯ ಹಿರಿಯರ ಆರೈಕೆ ಪದ್ಧತಿಯನ್ನು ಇದ್ದಂತೆಯೇ ಒಪ್ಪಲೂ ನಾನು ತಯಾರಿಲ್ಲ. ಪ್ರೀತಿಯಿಂದ ನೋಡಿಕೊಳ್ಳುವ ಮನೆಗಳಲ್ಲಿ ತಪ್ಪು ಇನ್ನೊಂದು ತುದಿಯಲ್ಲಿದೆ. ನೀರು ಕುಡಿದರೆ ಹೊಲಿಗೆ ಕೀವು ತುಂಬುತ್ತದೆಂದು ಗುಟುಕು ಗುಟುಕಾಗಿ ಕೊಡುತ್ತಾರೆ. ಕಾಯಿಪಲ್ಲೆ ನಂಜು ಎಂದು ಬರೀ ರೊಟ್ಟಿ, ಖಾರಪುಡಿ. ಮೂರನೆಯ ದಿನಕ್ಕೆ ಮಲ ಕಟ್ಟಿ, ಮುಕ್ಕಿದಾಗೆಲ್ಲ ಹೊಲಿಗೆ ಜಗ್ಗುತ್ತದೆ. ನೀರಿಗೂ ಕೀವಿಗೂ ಸಂಬಂಧವಿಲ್ಲ. ಕೀವು ಬರುವುದು ರೋಗಾಣುವಿನಿಂದ, ಹೊಲಸು ಕೈಯಿಂದ. ಹೆಚ್ಚು ನೀರು, ಸೊಪ್ಪು, ಬೇಳೆ, ಹಣ್ಣು ಬೇಕು. ಜತ್ತದ ದಾಳಿಂಬೆ ಊರೂರಿಗೆ ಹೋಗುತ್ತದೆ, ಒಂದೆರಡು ಆಕೆಯ ತಟ್ಟೆಗೂ ಬರಲಿ. ನೆಲ ಬಿಟ್ಟು ಏಳಬೇಡವೆಂದು ಮಲಗಿಸಿಡುವುದೂ ಬೇಡ. ಅಂಗಳದಲ್ಲಿ ಅಡ್ಡಾಡಿದರೆ ಅನಿಲ ಇಳಿಯುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ಆದರೆ ಅಂಗಳದಲ್ಲಿ ಅಡ್ಡಾಡುವುದು ಬೇರೆ, ಕಬ್ಬಿನ ಹೊರೆ ಹೊರುವುದು ಬೇರೆ.

ನೋವಿನ ಗುಳಿಗೆಯ ಬಗ್ಗೆ ಊರಲ್ಲಿರುವ ಭಯ ಇನ್ನೂ ಹೆಚ್ಚು. ಕಿಡ್ನಿ ಹೋಗುತ್ತದೆ, ಎದೆಹಾಲು ಬತ್ತುತ್ತದೆ ಎಂದು ಕೊಟ್ಟ ಗುಳಿಗೆಯನ್ನು ಗೂಡಿನಲ್ಲಿಟ್ಟು ಹಲ್ಲು ಕಚ್ಚಿ ಮಲಗುತ್ತಾರೆ. ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ ಹಾಲೂಡಿಸುವ ತಾಯಿಗೆ ನಡೆಯುತ್ತವೆ. ವೈದ್ಯರು ಬರೆದ ಪ್ರಮಾಣದಲ್ಲಿ ಮೂರ್ನಾಲ್ಕು ದಿನ ತೆಗೆದುಕೊಂಡರೆ ಆರೋಗ್ಯವಂತ ಮೂತ್ರಪಿಂಡಕ್ಕೆ ಏನೂ ಆಗುವುದಿಲ್ಲ. ಹೊಟ್ಟೆಹುಣ್ಣು, ಅಸ್ತಮಾ, ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಐಬುಪ್ರೊಫೆನ್ ತರಹದವನ್ನು ಕೇಳದೆ ನುಂಗಬಾರದು, ಉಳಿದವರು ಊಟವಾದ ಮೇಲೆ ತೆಗೆದುಕೊಳ್ಳಬೇಕು. ಗರ್ಭಕೋಶ ಹಿಂಡುವುದು ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕದಿಂದ, ಐಬುಪ್ರೊಫೆನ್ ಅದನ್ನೇ ತಡೆಯುತ್ತದೆ. ಆದ್ದರಿಂದ ನೋವು ತಾರಕಕ್ಕೇರುವವರೆಗೆ ಕಾಯದೆ ಮೊದಲ ಎರಡು ದಿನ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವುದು ಒಳ್ಳೆಯದು. ನೋವು ಇಳಿದವಳು ನಿದ್ದೆ ಮಾಡುತ್ತಾಳೆ, ನಡೆಯುತ್ತಾಳೆ, ಉಣ್ಣುತ್ತಾಳೆ. ಚೇತರಿಕೆ ಎಂದರೆ ಇವೇ. ಗಂಡಂದಿರಿಗೊಂದು ಮಾತು: ದುರ್ಬೀನ್ ಆದಮೇಲೆ ಕನಿಷ್ಠ ಒಂದು ವಾರ, ಚೀಲ ತೊಳೆಸಿದ್ದರೆ ವೈದ್ಯರು ಹೇಳುವವರೆಗೆ ಹೆಂಡತಿಯಿಂದ ದೂರ ಇರಬೇಕು. ಆಮೇಲೂ ಅವಳು ಹೂಂ ಅಂದರೆ ಮಾತ್ರ.

ಇಷ್ಟೆಲ್ಲ ಒಂದು ಹಾಳೆಯಲ್ಲಿ ಹಿಡಿಯುತ್ತದೆ. ಆದರೆ ಆಸ್ಪತ್ರೆಯಿಂದ ಅವಳ ಕೈಗೆ ಬರುವ ಹಾಳೆ ಮರಾಠಿಯಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿರುತ್ತದೆ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವಳು ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಬಿರುಗಾಳಿಯೇ ಎದ್ದಿತು. ಇಲ್ಲಿಯ ಕನ್ನಡ ಶಾಲೆಗಳಿಗೆ ಅನುದಾನದ ಮಾತಾಯಿತು, ಮ್ಹೈಸಾಳ ನೀರಾವರಿ ಯೋಜನೆಯ ವಿಸ್ತರಣೆಗೆ ವೇಗ ಬಂತು. ಅಷ್ಟು ಗದ್ದಲದಲ್ಲಿ ಕನ್ನಡದ ಹೆಣ್ಣುಮಗಳಿಗೆ ಅವಳ ಮೈಯ ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಕೊಡಿ ಎಂಬ ಬೇಡಿಕೆ ಕೇಳಿಬರಲಿಲ್ಲ. ತಾಲ್ಲೂಕಿನಲ್ಲಿ ಶೇ. 15ಕ್ಕಿಂತ ಹೆಚ್ಚು ಜನ ಒಂದು ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಕೊಟ್ಟ ರಕ್ಷಣೆಗಳಲ್ಲೊಂದು. ಜತ್ತ ಆ ಮಿತಿಯನ್ನು ಎಂದೋ ದಾಟಿದೆ.

ಸಾಂಗ್ಲಿ ಜಿಲ್ಲಾ ಪರಿಷತ್ತಿನ ಆರೋಗ್ಯ ವಿಭಾಗ ಈ ಹಾಳೆ ಮಾಡಲಿ. ಮಾಡದಿದ್ದರೆ ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಅಚ್ಚು ಹಾಕಿಸಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಲಿ. ಒಂದು ಸಮ್ಮೇಳನದ ಪೆಂಡಾಲಿನ ಖರ್ಚೂ ಆಗುವುದಿಲ್ಲ. ಹಾಳೆ ಬರುವ ತನಕ ಮನೆಯವರು ಮಾಡಬೇಕಾದ್ದು ಇಷ್ಟು: ಅವಳು ನೋಯುತ್ತದೆ ಎಂದಾಗ ನಂಬಿ, ಗುಳಿಗೆ ಕೊಡಿ, ಎರಡು ವಾರ ನೀರಿನ ಕೊಡ ನೀವೇ ಹೊರಿ.