ಯಾರ್ಮತ್‌ನ ಅಡುಗೆಮನೆ

ಚೆನ್ನೈನಲ್ಲಿ ಹಿಂಗಾರು ಹಿಡಿದು ಕರೆಂಟು ಹೋದ ರಾತ್ರಿ, ಫೋನಿನಲ್ಲೇ ಡಿಕನ್ಸ್‌ನ ‘ಡೇವಿಡ್ ಕಾಪರ್‌ಫೀಲ್ಡ್’ (1849–50) ತೆರೆದೆ. 55ನೇ ಅಧ್ಯಾಯ, ಸೆಪ್ಟೆಂಬರ್ ಕೊನೆಯ ಬಿರುಗಾಳಿ. ಕಾಲೇಜಿನಲ್ಲಿ ಓದಿದಾಗ ನೆನಪುಳಿದದ್ದು ಒಡೆದ ಹಡಗು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದ ಹ್ಯಾಮ್, ಕೆಂಪು ಟೋಪಿ ಬೀಸುವ ಸ್ಟೀರ್‌ಫೋರ್ತ್. ಈ ಸಲ ಅದೆಲ್ಲ ಯಾಕೋ ನಾಟಕದಂತೆ ಕಂಡಿತು. ಎಮಿಲಿಯನ್ನು ಕರೆದೊಯ್ದು ಕೈಬಿಟ್ಟವನೇ ಆ ಹಡಗಿನಲ್ಲಿರಬೇಕು, ಅವಳನ್ನು ಮದುವೆಯಾಗಬೇಕಿದ್ದವನೇ ಅವನನ್ನು ಉಳಿಸಲು ಹೋಗಿ ಸಾಯಬೇಕು! ಲೆಕ್ಕ ಚುಕ್ತಾ ಮಾಡಲು ಕಾದಂಬರಿಕಾರ ಸಮುದ್ರವನ್ನೇ ಕೂಲಿಗೆ ಹಚ್ಚಿದ್ದಾನೆ.

ಅದಕ್ಕೂ ಮೊದಲಿನ ಪುಟಗಳೇ ಬೇರೆ. ಊರು ಇನ್ನೂ ಮೈಲುಗಟ್ಟಲೆ ದೂರವಿರುವಾಗಲೇ ತುಟಿಗೆ ಉಪ್ಪು ಹತ್ತುತ್ತದೆ. ಬೀದಿಯಲ್ಲಿ ಮರಳು, ಕಡಲಪಾಚಿ, ನೊರೆ. ಹೆರಿಂಗ್ ಮೀನಿಗೆ ಹೋದ ಗಂಡಂದಿರಿಗಾಗಿ ಅಳುತ್ತ ನಿಂತ ಹೆಂಗಸರು. ದೊಡ್ಡವರ ಮುಖ ನೋಡಿಯೇ ಗಾಳಿಯ ಜೋರು ಅಳೆಯುವ ಮಕ್ಕಳು. ನಿದ್ದೆ ಬಾರದೆ ಡೇವಿಡ್ ವಸತಿಗೃಹದ ಅಡುಗೆಮನೆಗೆ ಇಳಿದರೆ, ಏಪ್ರನ್ನಿನಿಂದ ಕಿವಿ ಮುಚ್ಚಿಕೊಂಡು ಕೂತ ಹುಡುಗಿ ಅವನನ್ನು ದೆವ್ವವೆಂದು ಚೀರುತ್ತಾಳೆ. ಮೇಲೆ ತೊಲೆಯಲ್ಲಿ ಈರುಳ್ಳಿ ಗೊಂಚಲು. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಭಯ ಆ ಏಪ್ರನ್ನಿನಲ್ಲಿದೆ. (ಕುಂದಾಪುರದಲ್ಲಿ ಗಾಳಿ ಎದ್ದರೆ ನಮ್ಮ ಅಮ್ಮಮ್ಮನೂ ಒಲೆಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ.)

ಡೇವಿಡ್ ಲಂಡನ್ನಿನಿಂದ ಬಂದದ್ದು ಎಮಿಲಿಯ ಕಾಗದವನ್ನು ಹ್ಯಾಮ್‌ನ ಕೈಗೆ ಕೊಡಲು. ಮನೆಗೆ ಹೋದರೆ ಬಾಗಿಲು ಹಾಕಿದೆ. ಹ್ಯಾಮ್ ಕೆಲಸದ ಮೇಲೆ ಲೋಸ್ಟಾಫ್ಟ್‌ಗೆ ಹೋಗಿದ್ದಾನೆ. ಕಾಗದ ಅವನಿಗೆ ಸಿಗಲೇ ಇಲ್ಲ. ಡಿಕನ್ಸ್ ಅಲ್ಲಿ ತಡೆಯದೆ ಅಲೆಗಳ ಕಡೆ ಓಡುತ್ತಾನೆ. ಅಮ್ಮಮ್ಮನ ಕೊನೆಯ ಮಳೆಗಾಲಕ್ಕೆ ತಡವಾಗಿ ತಲುಪಿದ ನಾನು ಆ ಬಾಗಿಲಿನ ಎದುರೇ ಬಹಳ ಹೊತ್ತು ನಿಂತೆ.