ಸ್ಕೋರ್‌ಕಾರ್ಡಿನಾಚೆಗೆ ಹೋಗದ ಪಾಠ

ನಮ್ಮ ವಿಶ್ವವಿದ್ಯಾಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೆ ಸಿಗುವುದು ಹೆಚ್ಚೆಂದರೆ ಒಂದು ಐಚ್ಛಿಕ ಪತ್ರಿಕೆ. ಅನೇಕ ಕಡೆ ಅದೂ ಇಲ್ಲ, ವರದಿಗಾರಿಕೆ ಪಠ್ಯದೊಳಗಿನ ಒಂದು ಘಟಕ ಅಷ್ಟೆ. ಅಪರಾಧ, ನ್ಯಾಯಾಲಯ, ಸಿನಿಮಾ ಎಲ್ಲ ಆದ ಮೇಲೆ, ಪರೀಕ್ಷೆ ಹತ್ತಿರ ಬಂದಾಗ, ಎರಡು ತರಗತಿಗಳಲ್ಲಿ ಓಡಿಸಿ ಮುಗಿಸುವುದು ರೂಢಿ. ಬರುವ ಪ್ರಶ್ನೆಯೂ ಹಳೆಯದೇ: ಕ್ರೀಡಾ ವರದಿಗಾರನ ಅರ್ಹತೆಗಳನ್ನು ವಿವರಿಸಿ. ಆಟದ ನಿಯಮ ಗೊತ್ತಿರಬೇಕು, ಭಾಷೆ ಚುರುಕಾಗಿರಬೇಕು, ಪಕ್ಷಪಾತ ಇರಬಾರದು ಎಂದು ಬರೆದರೆ ಹತ್ತಕ್ಕೆ ಏಳು ಖಾತ್ರಿ. ಬರೆದವರು ಮೈದಾನ ನೋಡಿರಬೇಕೆಂದೇನಿಲ್ಲ.

ಇದರ ಫಲ ಏನೆಂದು 2020ರ ಫೆಬ್ರುವರಿಯಲ್ಲಿ ಕಂಡೆವು. ದಕ್ಷಿಣ ಕನ್ನಡದ ಐಕಳದಲ್ಲಿ ನಡೆದ ಕಂಬಳದಲ್ಲಿ, ಅಂದರೆ ಕೋಣಗಳ ಕೆಸರುಗದ್ದೆ ಓಟದಲ್ಲಿ, ಶ್ರೀನಿವಾಸ ಗೌಡರು ತಮ್ಮ ಕೋಣಗಳೊಂದಿಗೆ 142.5 ಮೀಟರ್ ಉದ್ದದ ಕರೆಯನ್ನು (ಓಟದ ಹಾದಿಯನ್ನು) 13.62 ಸೆಕೆಂಡುಗಳಲ್ಲಿ ದಾಟಿದರು. ಯಾರೋ ಭಾಗಿಸಿ ನೋಡಿದರು: ನೂರು ಮೀಟರಿಗೆ ಸುಮಾರು 9.55. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಓಡಿದ್ದು 9.58. ಅಷ್ಟೇ ಸಾಕಾಯಿತು, ಪತ್ರಿಕೆ, ಚಾನೆಲ್ಲುಗಳಲ್ಲಿ 'ಭಾರತದ ಬೋಲ್ಟ್' ಹುಟ್ಟಿಬಿಟ್ಟ. ಆಗ ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆಸುವುದಾಗಿ ಟ್ವೀಟ್ ಮಾಡಿದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ, ಇಲ್ಲಿ ಕೋಣಗಳ ಪಾಲೂ ಇದೆ ಎಂದು ಗೌಡರೇ ಹೇಳಬೇಕಾಯಿತು. ವರದಿಗಾರರು ಹೇಳಬೇಕಿದ್ದ ಮಾತು ಅದು.

ಲೆಕ್ಕವಾದರೂ ಸರಿಯೇ? ನೂರು ಮೀಟರ್ ಓಟದಲ್ಲಿ ನಿಂತಲ್ಲಿಂದ ವೇಗ ಹಿಡಿಯುವುದಕ್ಕೇ ಸಾಕಷ್ಟು ಸಮಯ ಹೋಗುತ್ತದೆ. ದೂರ ಹೆಚ್ಚಾದಂತೆ ಆ ನಷ್ಟ ಸರಾಸರಿಯಲ್ಲಿ ಕರಗುತ್ತದೆ. ರಿಲೇಯಲ್ಲಿ ಓಡುತ್ತಲೇ ಬ್ಯಾಟನ್ ಹಿಡಿಯುವ ಅಗ್ರ ಓಟಗಾರರು ತಮ್ಮ ಪಾಲಿನ ನೂರು ಮೀಟರನ್ನು 9 ಸೆಕೆಂಡಿನೊಳಗೆ ಮುಗಿಸುತ್ತಾರೆ, ಅದನ್ನು ಯಾರೂ ವಿಶ್ವದಾಖಲೆ ಎನ್ನುವುದಿಲ್ಲ. ಇನ್ನು ಕಂಬಳದಲ್ಲಿ ವೇಗವೊಂದೇ ಅಳತೆಯೂ ಅಲ್ಲ. ಅದರೊಳಗೇ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ಕನೆ ಹಲಗೆಯಲ್ಲಿ ಗೆಲುವು ತೀರ್ಮಾನವಾಗುವುದು ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದರ ಮೇಲೆ. ಒಂದು ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಗೌಡರ ಸಾಧನೆಗೆ ಇದರಿಂದ ಕಿಂಚಿತ್ತೂ ಕುಂದಿಲ್ಲ. ಕುಂದು ಇದ್ದದ್ದು ಭಾಗಾಕಾರ ಮುಗಿದ ಕೂಡಲೇ ತಲೆಬರಹ ಕೊಟ್ಟ ಡೆಸ್ಕಿನಲ್ಲಿ.

ಪಠ್ಯದ ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಆಟವೆಂದರೆ ಗೆಲುವು, ಸೋಲು, ಸಂಭ್ರಮ ಎಂದು ಅದು ನಂಬಿ ಕೂತಿದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಹೊರಬಿದ್ದದ್ದು ಬೆಂಗಳೂರಿನ ಸಿಸಿಬಿ (ಕೇಂದ್ರ ಅಪರಾಧ ವಿಭಾಗ) ಪೊಲೀಸರ ತನಿಖೆಯಿಂದ, ಕ್ರೀಡಾ ಪುಟಗಳಿಂದಲ್ಲ. 2025ರ ಜೂನ್ 3ರಂದು ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನ ವಿಜಯೋತ್ಸವದ ವೇಳೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ 11 ಮಂದಿ ಸತ್ತರು. ಅನುಮತಿ ಕೊಟ್ಟವರು ಯಾರು, ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಎಷ್ಟು ಜನರನ್ನು ಕರೆಯಲಾಯಿತು, ಸಂಘಟಕರ ಹೊಣೆ ಎಲ್ಲಿಗೆ ಮುಗಿದು ಪೊಲೀಸರದು ಎಲ್ಲಿ ಶುರುವಾಗುತ್ತದೆ? ಇವೆಲ್ಲ ಕ್ರೀಡಾ ವರದಿಗಾರರೂ ಕೇಳಬೇಕಾದ ಪ್ರಶ್ನೆಗಳು. ಮುಂಬರುವವರಿಗೆ ಕ್ರೀಡಾ ಸಂಸ್ಥೆಗಳ ಬೈಲಾ, ಚುನಾವಣೆ, ಲೆಕ್ಕಪತ್ರ ಓದಲು ಕಲಿಸದಿದ್ದರೆ ಅವರು ಕೇಳುವುದಾದರೂ ಹೇಗೆ? ಈಗ ಆಟಗಾರರ ಸಂದರ್ಶನಗಳನ್ನು ಬಿಸಿಸಿಐ, ಫ್ರಾಂಚೈಸಿಗಳು ತಾವೇ ಚಿತ್ರೀಕರಿಸಿ ಹಂಚುತ್ತವೆ. ಸ್ಕೋರು ಮೊಬೈಲಿನಲ್ಲೇ ಇದೆ. ಇವೆರಡನ್ನೇ ನಂಬಿದ ವರದಿಗಾರರಿಗೆ ಇನ್ನು ಕೆಲಸ ಉಳಿಯುವುದಿಲ್ಲ.

ಬ್ರಿಟನ್ನಿನಲ್ಲಿ ಕ್ರೀಡಾ ಪತ್ರಿಕೋದ್ಯಮಕ್ಕೇ ಮೀಸಲಾದ ಪದವಿಗಳಿವೆ. ಅಲ್ಲಿನ ಪತ್ರಕರ್ತರ ತರಬೇತಿ ಮಂಡಳಿಯ ಡಿಪ್ಲೊಮಾದಲ್ಲಿ ಮಾಧ್ಯಮ ಕಾನೂನು ಕಡ್ಡಾಯ. ಪಂದ್ಯ ನಡೆಯುತ್ತಿರುವಾಗಲೇ ಬರೆಯುತ್ತ, ಕೊನೆಯ ಶಿಳ್ಳೆಗೆ ಕಾಪಿ ಕಳಿಸುವ ಅಭ್ಯಾಸವನ್ನೂ ಅಲ್ಲಿ ಮಾಡಿಸುತ್ತಾರೆ. ಅಂಥ ಪೂರ್ಣ ಪದವಿ ನಮಗೂ ಬೇಕೆಂದು ನನಗನ್ನಿಸುವುದಿಲ್ಲ, ಕನ್ನಡ ಪತ್ರಿಕೆಗಳ ಕ್ರೀಡಾ ಡೆಸ್ಕಿನಲ್ಲಿರುವ ಕುರ್ಚಿಗಳೇ ಬೆರಳೆಣಿಕೆಯಷ್ಟು. ಆದರೆ ಕಾನೂನು ಮತ್ತು ಡೆಡ್‌ಲೈನ್, ಈ ಎರಡನ್ನು ನಮ್ಮ ಒಂದೇ ಐಚ್ಛಿಕ ಪತ್ರಿಕೆಯೊಳಗೂ ತರಬಹುದು. ಅದಕ್ಕೆ ಐಪಿಎಲ್ ಪಾಸ್ ಬೇಕಿಲ್ಲ. ಅಂತರ ಕಾಲೇಜು ಕಬಡ್ಡಿ ಕ್ಯಾಂಪಸ್ಸಿನಲ್ಲೇ ನಡೆಯುತ್ತದೆ. ಅಲ್ಲಿ ರೆಡಿಮೇಡ್ ಅಂಕಿಅಂಶ ಸಿಗದು. ರೈಡ್ ಎಣಿಸಿ, ಹೆಸರಿನ ಕಾಗುಣಿತ ಕೇಳಿ, ತೀರ್ಪಿನ ಜಗಳ ನಡೆದರೆ ಎರಡೂ ಕಡೆ ಮಾತಾಡಿಸಿ ಬರೆಯಬೇಕು. ಕಲಿಕೆಗೆ ಇಷ್ಟು ಒಳ್ಳೆಯ ಜಾಗ ಕಣ್ಣೆದುರಿಗಿದ್ದೂ ಅದನ್ನು ಬಳಸದಿರುವುದು ಸೋಮಾರಿತನವೇ ಸರಿ.

ಈ ಪತ್ರಿಕೆ ಆಯ್ದುಕೊಳ್ಳಬೇಕೆಂದಿರುವವರು ಮೊದಲು ಹಿಂದಿನ ಪ್ರಶ್ನೆಪತ್ರಿಕೆಗಳನ್ನು ತರಿಸಿ ನೋಡಿ. 'ವಿವರಿಸಿ', 'ಟಿಪ್ಪಣಿ ಬರೆಯಿರಿ' ಬಿಟ್ಟು ಬೇರೇನೂ ಇಲ್ಲದಿದ್ದರೆ, ನೋಡಿದ ಪಂದ್ಯದ ವರದಿಯನ್ನು ಅದೇ ಸಂಜೆ ಒಪ್ಪಿಸುವ ಪದ್ಧತಿ ಇದೆಯೇ ಎಂದು ವಿಭಾಗದವರನ್ನು ಕೇಳಿ. ಇಲ್ಲ ಎಂದರೆ ಬೇರೆ ಐಚ್ಛಿಕ ವಿಷಯ ಆರಿಸಿಕೊಳ್ಳಿ.